ಕಿರುಬೆರಳಿನ ಸಾಕ್ಷಿ

ರಾತ್ರಿ ಮೂರಕ್ಕೆ ಎದ್ದು ಕೈ ಕೊಡವುತ್ತಾಳೆ ಎಮೆತೇರಿಯಾ,
ಜ್ವರಕಡ್ಡಿಯ ಪಾದರಸ ಇಳಿಸುವವರ ಹಾಗೆ.
ಹೆಬ್ಬೆರಳು, ತೋರುಬೆರಳು, ನಡುಬೆರಳು,
ಉಂಗುರದ ಬೆರಳಿನಲ್ಲಿ ಅರ್ಧ,
ಇಷ್ಟಕ್ಕೆ ಜೋಮು. ಇರುವೆಗೂಡು ಒಡೆದಂತೆ.
ಕಿರುಬೆರಳೊಂದು ಮಾತ್ರ
ಏನೂ ಕೇಳಿಸದ ಪಕ್ಕದ ಮನೆಯವಳಂತೆ
ತಣ್ಣಗೆ ಮಲಗಿದೆ.

"ಮತ್ತೆ ಶುರುವಾಯ್ತಾ?" ಫೆರ್ಮಿನ್ ಮಗ್ಗುಲು ಬದಲಿಸುತ್ತಾನೆ.
ಕಿಟಕಿಯಾಚೆ ಬಂದರು, ದೋಣಿಹಗ್ಗಗಳ ಕಿರುಗುಟ್ಟುವಿಕೆ.
ಕೈಯನ್ನು ಮಂಚದಂಚಿಗೆ ಇಳಿಬಿಟ್ಟು ಕಾಯುತ್ತಾಳೆ,
ಯಾರಿಗೋ ಕಡ ಕೊಟ್ಟದ್ದು
ವಾಪಸು ಬರಲೆಂದು.

*

ಸಾಂತೋನ್ಯಾದಲ್ಲಿ ಮೀನು ಹಿಡಿಯುವವರು ಗಂಡಸರು,
ಮೀನು ಬಿಡಿಸುವವರು ಹೆಂಗಸರು.
ವಸಂತದಲ್ಲಿ ಉಪ್ಪಿನ ಪೀಪಾಯಿಯೊಳಗೆ ಇಳಿದ ಆಂಚೋವಿ
ಚಳಿಗಾಲಕ್ಕೆ ಕಂದುಗೆಂಪಾಗಿ, ಮಾಗಿ,
ಅವಳ ಮೇಜಿಗೆ ಬರುತ್ತದೆ.
ಬಲೆಬಟ್ಟೆಯಲ್ಲಿ ಉಜ್ಜಿ ತೊಗಲು ತೆಗಿ,
ಕತ್ತರಿಯಲ್ಲಿ ಬಾಲ, ಹೊಟ್ಟೆಯಂಚು,
ಉಗುರು ತೂರಿಸಿ ಎರಡು ಮಾಡು,
ಮುಳ್ಳು ಕೀಳು, ಕೂದಲಿನಂಥ ಮುಳ್ಳು ಕೀಳು,
ಒರೆಸು, ಡಬ್ಬಿಯಲ್ಲಿ ಮಲಗಿಸು.
ಮತ್ತೊಂದು.

ಯಂತ್ರ ತರಿಸಿದ್ದರು ಒಮ್ಮೆ.
ಮೀನು ಚಿಂದಿಯಾಯಿತು, ಯಂತ್ರ ವಾಪಸು ಹೋಯಿತು.
ಈಗ ಡಬ್ಬಿಯ ಮೇಲೆ ಬಂಗಾರದ ಅಕ್ಷರ: ಕೈಯಿಂದ ಮಾಡಿದ್ದು.
ಯಾರ ಕೈ ಎಂದು ಬರೆದಿಲ್ಲ.
ಮುಚ್ಚಳ ತೆರೆದು ತೋರಿಸಿ, ಅವಳು ಹೇಳಬಲ್ಲಳು:
ಬಾಲ ಮೊಟಕು ಮಾಡಿದವಳು ಪೆರುವಿನ ನೆಲಿಡಾ,
ಒಂದೆಳೆ ಮುಳ್ಳನ್ನೂ ಬಿಡದವಳು ಸತುರ್ನಿನಾ,
ಅವಳ ಮಣಿಕಟ್ಟಿಗೆ ಈಗ ಎರಡನೆಯ ಹೊಲಿಗೆ.
ಈ ನಡುವೆ ಅಂಚು ಸೊಟ್ಟಗಿರುವ ಸೀಳುಗಳು
ತನ್ನವು.

ಇಪ್ಪತ್ತೊಂಬತ್ತು ವರ್ಷ.
ಮೊದಲು ರವಿಕೆಯ ಗುಂಡಿ ಮಾತು ಕೇಳದಾಯಿತು,
ಆಮೇಲೆ ಕಾಫಿ ಕಪ್ಪುಗಳು. ಒಂದಲ್ಲ, ಆರು.
ಕೊನೆಯದು ಅತ್ತೆಯ ಕಾಲದ್ದು, ನೀಲಿ ಅಂಚಿನದು.
"ಕೈ ಜಾರಿತು" ಅಂದಳು.
ಜಾರಲಿಲ್ಲ. ಹಿಡಿದೇ ಇದ್ದೇನೆ ಅಂದುಕೊಂಡಿದ್ದಳು,
ನೆಲದಿಂದ ಸದ್ದು ಬರುವವರೆಗೆ.

*

ಡಾಕ್ಟರು ಹೇಳಿದರು: ಎರಡೂ ಕೈಯ ಹಿಂಬದಿ ಸೇರಿಸಿ,
ಬೆರಳು ನೆಲದ ಕಡೆ, ಒಂದು ನಿಮಿಷ.
ತಲೆಕೆಳಗಾದ ನಮಸ್ಕಾರ,
ಪಾತಾಳದ ಯಾವ ದೇವರಿಗೋ.
ಇಪ್ಪತ್ತು ಎಣಿಸುವಷ್ಟರಲ್ಲಿ ಇರುವೆ ಬಂದವು.
"ಮಣಿಕಟ್ಟಿನೊಳಗೆ ಒಂದು ಓಣಿ ಇದೆ, ಇಕ್ಕಟ್ಟು.
ಒಂಬತ್ತು ಹುರಿಗಳು ಓಡಾಡುವ ಜಾಗದಲ್ಲಿ
ನರ ಒಂದೇ ಒಂದು. ಊತ ಬಂದರೆ ಸಿಕ್ಕಿಕೊಳ್ಳುತ್ತದೆ."
ಪಾಳಿ ಬಿಟ್ಟಾಗಿನ ಕಾರ್ಖಾನೆಯ ಬಾಗಿಲು
ಅವಳ ಕಣ್ಣಿಗೆ ಕಟ್ಟಿತು.

ಕಿರುಬೆರಳಿಗೆ ಬೇರೆ ನರವಂತೆ, ಬೇರೆ ದಾರಿಯಂತೆ.
ಅದಕ್ಕೇ ಅದಕ್ಕೆ ನಿದ್ದೆ.

*

ವಿಮೆ ಕಚೇರಿಯ ಹುಡುಗ ಕಂಪ್ಯೂಟರಿನಿಂದ ಕಣ್ಣೆತ್ತದೆ ಕೇಳಿದ:
ಹೆಣಿಗೆ ಹಾಕುತ್ತೀರಾ? ಇಸ್ತ್ರಿ ಮಾಡುತ್ತೀರಾ?
ಮನೆಯ ನೆಲ ಒರೆಸುವವರು ಯಾರು?
ಮುಟ್ಟು ನಿಂತು ಎಷ್ಟು ದಿನ?
ದಿನಕ್ಕೆ ಎಷ್ಟು ಮೀನು ಎಂದು ಕೇಳುತ್ತಾನೆಂದು
ಲೆಕ್ಕ ಹಾಕಿಕೊಂಡು ಬಂದಿದ್ದಳು. ಕೇಳಲಿಲ್ಲ.
"ಸಾಮಾನ್ಯ ಕಾಯಿಲೆ, ಕೆಲಸದಿಂದ ಬಂದದ್ದಲ್ಲ",
ಟೈಪು ಮಾಡುತ್ತ ಮಾಡುತ್ತ
ನಡುವೆ ನಿಲ್ಲಿಸಿ
ಬಲಗೈಯನ್ನು ಗಾಳಿಯಲ್ಲಿ ಕೊಡವಿದ.
ಎರಡು ಸಲ.

ಆ ಕೊಡವು ಅವಳಿಗೆ ಗೊತ್ತು.
"ರಾತ್ರಿಯೂ ಬರುತ್ತದಾ?" ಎಂದಳು.
ಕೀಲಿಗಳು ಸುಮ್ಮನಾದವು.
"ಕಿರುಬೆರಳಿಗೆ ಬರಲ್ಲ, ಅಲ್ವಾ?"
ಹುಡುಗ ತನ್ನ ಕಿರುಬೆರಳನ್ನು ನೋಡಿಕೊಂಡ,
ಮೊದಲ ಸಲ ನೋಡುವ ಹಾಗೆ.

ಆದರೂ ಕಾಗದ ಹೊರಗೆ ಬಂತು, ಬೆಚ್ಚಗೆ.
ಇಲ್ಲಿ ಸಹಿ.
ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಕತ್ತರಿಯಂತೆ,
ಹೆಸರಿಗಿಂತ ಮೊದಲು ಎರಡು ಪದ ಬರೆದಳು:
ನನಗೆ ಒಪ್ಪಿಗೆಯಿಲ್ಲ.
ಅಕ್ಷರ ಮೀನುಮುಳ್ಳಿನ ಹಾಗೆ ಚದುರಿದ್ದವು.

ಬಾಗಿಲಿನ ಗುಬಟು ಅವಳ ಕೈಗೆ ತಿರುಗಲಿಲ್ಲ.
ಅವನೇ ಎದ್ದು ಬಂದು ತೆರೆದ,
ಎಡಗೈಯಿಂದ.